ಬೈಂಡಿಂಗ್‌ಗೆ ಹೋಗಿದೆ

"ಬೈಂಡಿಂಗ್‌ಗೆ ಹೋಗಿದೆ" ಅಂದ ಗುಮಾಸ್ತ.

ತಲೆ ಎತ್ತಲಿಲ್ಲ. ಎತ್ತಿದ್ದರೆ ಕೌಂಟರಿನ ಆಚೆ ನಿಂತವಳ ಕೈಯಾದರೂ ಕಣ್ಣಿಗೆ ಬೀಳುತ್ತಿತ್ತು. ಆ ಕೈ ನೋಡಿದವರಿಗೆ ಬೇರೆ ಪರಿಚಯ ಬೇಕಾಗಿರಲಿಲ್ಲ. ಉಗುರಿನ ಸಂದಿಯಲ್ಲಿ ಒಣಗಿದ ಅಂಟು. ಬೆರಳ ತುದಿಯಲ್ಲಿ ದಬ್ಬಳ ಚುಚ್ಚಿದ ಕಪ್ಪು ಚುಕ್ಕೆಗಳು. ಅಂಗೈ ತುಂಬ ಮೈಲುತುತ್ತದ ನೀಲಿ, ಎಷ್ಟು ಉಜ್ಜಿದರೂ ಹೋಗದ್ದು. ಈ ಗ್ರಂಥಾಲಯದ ಹರಿದ ಪುಸ್ತಕಗಳನ್ನು ಎಂಟು ವರ್ಷದಿಂದ ಹೊಲಿದು ಅಂಟಿಸಿ ಕೊಡುತ್ತಿದ್ದವಳು ಅವಳೇ. ಬೈಂಡಿಂಗ್ ಅಂದರೆ ಬೇರೆ ಊರಲ್ಲ, ದೊಡ್ಡ ಕಾರ್ಖಾನೆಯಲ್ಲ. ಇದೇ ಕಟ್ಟಡದ ಹಿತ್ತಲಲ್ಲಿ, ಶೌಚಾಲಯದ ಗೋಡೆಗೆ ಆನಿಸಿ ಹಾಕಿದ ತಗಡಿನ ಶೆಡ್ಡು. ಬೈಂಡಿಂಗ್ ಅಂದರೆ ಅವಳು.

ಹಿಂದಿನ ಮೂರು ಸಲ ಸುಮ್ಮನೆ ಹಿಂದಿರುಗಿದ್ದಳು. ಈ ಸಲ ಬಾಯಿ ಬಿಟ್ಟಳು.

"ಬೈಂಡಿಂಗ್‌ಗೆ ಬಂದಿಲ್ಲ ಸಾರ್."

"ನಿಂಗೆ ಹೇಗಮ್ಮಾ ಗೊತ್ತು?"

"ಬೈಂಡಿಂಗ್ ಮಾಡೋಳು ನಾನೇ ಸಾರ್."

ಗುಮಾಸ್ತ ಈಗ ತಲೆ ಎತ್ತಿದ. ಅವನು ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಹಿತ್ತಲ ಕಡೆ ಒಮ್ಮೆಯೂ ಹೋದವನಲ್ಲ. ಪುಸ್ತಕ ಹೊತ್ತು ಹೋಗಿ ಬರುತ್ತಿದ್ದವನು ಜವಾನ. ಗುಮಾಸ್ತ ಅವಳನ್ನೂ ಅವಳ ಹಿಂದೆ ಸಾಲಿನಲ್ಲಿದ್ದ ನಾಲ್ಕು ಜನರನ್ನೂ ನೋಡಿ ಹಲ್ಲು ಕಿರಿದ.

"ಹಾಗಾದ್ರೆ ನಿನ್ನ ಹತ್ರಾನೇ ಇರ್ಬೇಕಲ್ಲಮ್ಮಾ. ಹೋಗಿ ಹುಡುಕ್ಕೋ!"

ಸಾಲು ನಕ್ಕಿತು. ಇನ್ನೈದು ನಿಮಿಷದಲ್ಲಿ ತಮಗೂ ಇದೇ ಉತ್ತರ ಕಾದಿದೆ ಅಂತ ಆ ನಾಲ್ವರಿಗೆ ಗೊತ್ತಿರಲಿಲ್ಲ. ಅವಳು ಕೈಗಳನ್ನು ಬೆನ್ನ ಹಿಂದೆ ಮರೆ ಮಾಡಿಕೊಂಡು ಹೊರಗೆ ಬಂದಳು.

ಅವಳನ್ನು ಎಲ್ಲರೂ ಅಂಟಮ್ಮ ಅನ್ನುತ್ತಿದ್ದರು. ಮೊದಲು ಗಂಡ ಅದೇ ಶೆಡ್ಡಿನಲ್ಲಿ ಬೈಂಡರ್ ಆಗಿದ್ದ. ಕೆಮ್ಮಿ ಕೆಮ್ಮಿ ಸತ್ತ. ದಬ್ಬಳ, ದಾರ, ಒತ್ತುಯಂತ್ರ ಎಲ್ಲ ಅವಳ ಪಾಲಿಗೆ ಬಂದವು. ಕೆಮ್ಮೂ ಬಂತು. ಬೆಳಗ್ಗೆ ಎದ್ದು ಮೈದಾ ಕುದಿಸಿ ಅಂಟು ಮಾಡಬೇಕು, ಹುಳ ಬೀಳದಿರಲಿ ಅಂತ ಮೈಲುತುತ್ತ ಬೆರೆಸಬೇಕು. ಪುಸ್ತಕದ ಹಳೇ ದಾರ ಬಿಚ್ಚಿ, ಹದಿನಾರು ಪುಟದ ಒಂದೊಂದು ಫಾರಂ ಬೇರೆ ಮಾಡಿ, ತೂತು ಹೊಡೆದು ಹೊಲಿದು, ರಟ್ಟು ಕೂರಿಸಿ, ಕ್ಯಾಲಿಕೋ ಬಟ್ಟೆ ಎಳೆದು ಅಂಟಿಸಿ, ಒತ್ತುಯಂತ್ರದ ತಿರುಪು ಬಿಗಿ ಮಾಡಬೇಕು. ತಿರುಪು ತಿರುಗಿಸುವಾಗ ಸೊಂಟ ಸೀಳಿದ ಹಾಗಾಗುತ್ತದೆ. ಕೊನೆಗೆ ಹಿತ್ತಾಳೆಯ ಅಚ್ಚುಮೊಳೆಗಳನ್ನು ಸ್ಟೌವಿನ ಮೇಲೆ ಕಾಯಿಸಿ ಪುಸ್ತಕದ ಬೆನ್ನಿಗೆ ಹೆಸರು, ನಂಬರು ಒತ್ತಬೇಕು. ಬೆರಳು ಸುಡುತ್ತದೆ. ಸುಟ್ಟ ಬೆರಳನ್ನು ಬಾಯಿಗಿಡುವ ಹಾಗಿಲ್ಲ, ಬೆರಳಲ್ಲಿ ವಿಷ.

ಓದಿದ್ದು ನಾಲ್ಕನೇ ತರಗತಿ. ಸಾವಿರಾರು ಪುಸ್ತಕಗಳ ಬೆನ್ನು ಓದಿದ್ದಾಳೆ, ಒಳಗೆ ಓದಿದ್ದು ಕಡಿಮೆ. ಪುಸ್ತಕ ಮನೆಗೆ ಒಯ್ಯಲು ಸದಸ್ಯತ್ವ ಬೇಕು. ಸದಸ್ಯತ್ವಕ್ಕೆ ಮನೆಯ ವಿಳಾಸ ಬೇಕು. ಅವಳ ವಿಳಾಸ ಗ್ರಂಥಾಲಯದ ಹಿತ್ತಲು. ಆ ವಿಳಾಸ ಗ್ರಂಥಾಲಯಕ್ಕೇ ನಡೆಯುವುದಿಲ್ಲವಂತೆ. ಓದುವ ಹಾಲಿನಲ್ಲಿ ಕೂತು ನೋಡಲು ಮಾತ್ರ ಯಾರ ಅಪ್ಪಣೆಯೂ ಬೇಡ. ಅವಳು ಕೇಳಿದ್ದು ಅಷ್ಟೇ. ಒಂದು ಪುಸ್ತಕ, ಒಂದು ಗಂಟೆ.

ಮಗಳಿಗೆ ಎಂಟು ಮುಗಿದು ಒಂಬತ್ತು ಹತ್ತಿರವಾಗಿತ್ತು. ಕಿವಿ ಕೇಳದು, ಹಾಗಾಗಿ ಮಾತೂ ಬಾರದು. ಹಿತ್ತಲಿಗೆ ಬಂದವರೆಲ್ಲ ಮೂಗಿ ಅನ್ನುತ್ತಿದ್ದರು. ಹೇಗೂ ಕೇಳಿಸಲ್ಲವಲ್ಲ, ಏನಂದರೂ ನಡೆಯುತ್ತದೆ. ತಾಯಿ ಅವಳನ್ನು ಕರೆಯುತ್ತಿದ್ದದ್ದು ಮರದ ಸುತ್ತಿಗೆಯಿಂದ ಮೇಜಿಗೆ ಮೂರು ಪೆಟ್ಟು ಹೊಡೆದು. ಹಲಗೆಯ ಅದುರು ಕೈಗೆ ಮುಟ್ಟಿದರೆ ಮಗಳು ತಿರುಗುತ್ತಿದ್ದಳು. ಆ ಮೂರು ಪೆಟ್ಟೇ ಅವಳ ಹೆಸರು. ಹಿಡಿ, ಮಡಿಸು, ಅಂಟು ಹಚ್ಚು, ಉಣ್ಣು, ಮಲಗು. ಇಷ್ಟಕ್ಕೆ ಇಬ್ಬರ ನಡುವೆ ಕೈಸನ್ನೆ ಇತ್ತು. ಅದರಾಚೆ ಏನೂ ಇರಲಿಲ್ಲ. ಒಂದು ಸಲ ಮಗಳು ಎರಡು ದಿನ ಬಿಡದೆ ಅತ್ತಳು. ಯಾಕೆ ಅಂತ ತಾಯಿಗೆ ಇವತ್ತಿಗೂ ಗೊತ್ತಿಲ್ಲ.

ಬಸ್ಸಿನಲ್ಲಿ ಎರಡು ಗಂಟೆ ಹೋದರೆ ಕಿವುಡು ಮಕ್ಕಳ ಶಾಲೆಯೊಂದಿತ್ತು. ಅಲ್ಲೇ ಉಳಿದು ಕಲಿಯಬಹುದಿತ್ತು. ಶಾಲೆಯ ಮೇಡಂ ಮಗಳ ಗಲ್ಲ ಹಿಡಿದು ನೋಡಿ ಹೇಳಿದ್ದು ಇಷ್ಟು: "ಒಂಬತ್ತು ತುಂಬಿದ್ರೆ ತಗೊಳ್ಳಲ್ಲಮ್ಮಾ. ಇಷ್ಟು ದೊಡ್ಡ ಮಗು ಅಂದ್ರೆ ಕೈಯಕ್ಷರ, ಅಂದ್ರೆ ಬೆರಳಲ್ಲಿ ತೋರಿಸೋ ಅಕ್ಷರ, ಒಂಚೂರಾದ್ರೂ ಬರ್ಬೇಕು. ಹತ್ತು ಅಕ್ಷರ ತೋರಿಸ್ಲಿ, ಸಾಕು. ನಾಲ್ಕು ತಿಂಗಳಿದೆ."

"ಎಲ್ಲಿ ಕಲೀಬೇಕು ಮೇಡಂ?"

"ಪುಸ್ತಕ ಇದೆ. ಅಂಗಡೀಲಿ ಸಿಗಲ್ಲ, ಅಚ್ಚು ಮುಗಿದು ಎಷ್ಟೋ ಕಾಲ ಆಯ್ತು. ನಮ್ದು ಹೊರಗೆ ಕೊಡಲ್ಲ. ನಿಮ್ಮ ಲೈಬ್ರರೀಲಿ ಇರುತ್ತೆ ನೋಡಿ."

ಶಾಲೆಯ ಗಾಜಿನ ಬೀರುವಿನೊಳಗೆ ಆ ಪುಸ್ತಕದ ಬೆನ್ನು ಕಾಣುತ್ತಿತ್ತು. ಕೈಯಕ್ಷರ ಮಾಲೆ. ಅಂಟಮ್ಮ ಗಾಜಿನ ಹತ್ತಿರ ಬಗ್ಗಿ ನೋಡಿದಳು. ಇದರದ್ದೇ ಗ್ರಂಥಾಲಯದ ಪ್ರತಿ ಅವಳ ಕೈಯಲ್ಲಿ ಎರಡು ದಿನ ಇತ್ತು.

ಅದು ಆರು ವರ್ಷದ ಹಿಂದೆ. ಆಗ ಮಗಳಿಗೆ ಎರಡು ದಾಟಿತ್ತು. ಕರೆದರೆ ತಿರುಗದಿದ್ದರೆ ಹಟಮಾರಿ ಅಂದುಕೊಂಡಿದ್ದಳು. ಪುಸ್ತಕ ಬೆನ್ನು ಮುರಿದುಕೊಂಡು ಶೆಡ್ಡಿಗೆ ಬಂದಿತ್ತು. ನಂಬರು ನಾಲ್ಕು ಸಾವಿರದ ನಾನೂರ ಹದಿನೇಳು. ಹಾಳೆಗೊಂದು ಕೈಯ ಚಿತ್ರ, ಬೇರೇನೂ ಇಲ್ಲ. ಯಾವ ಕೈಗೆ ಯಾವ ಅಕ್ಷರ ಅನ್ನುವ ಪಟ್ಟಿ ಕೊನೆಯಲ್ಲೆಲ್ಲೋ ಇತ್ತು. ಮೊದಲ ಫಾರಂನ ಅಂಚನ್ನು ಹುಳ ತಿಂದು ಪುಟದ ನಂಬರುಗಳೆಲ್ಲ ಹೋಗಿದ್ದವು. ಒಂದೊಂದು ಹಾಳೆಗೂ ತೆಳು ಕಾಗದದ ತೇಪೆ ಹಾಕುತ್ತಾ ಎರಡು ದಿನ ಅದರ ಮೇಲೆ ಬಗ್ಗಿ ಕೂತಿದ್ದಳು. ನೀಲಿ ಕ್ಯಾಲಿಕೋ ಹಾಕಿ ಕಳಿಸಿದ್ದಳು.

ಶಾಲೆಯಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಆ ಫಾರಂನ ಎಂಟು ಕೈಗಳು ಒಂದರ ಹಿಂದೊಂದು ನೆನಪಿಗೆ ಬಂದವು. ತೇಪೆ ಹಾಕಿದವಳು ಮರೆಯುವುದುಂಟೇ. ಮೊದಲ ಫಾರಂ ಅಂದ ಮೇಲೆ ಮೊದಲ ಎಂಟು ಅಕ್ಷರಗಳೇ ಇರಬೇಕು. ಅ, ಆ, ಇ, ಈ ಅನ್ನುತ್ತಾ ಬೆರಳನ್ನು ಕೆಳಗೆ ಇಳಿಬಿಟ್ಟ ಎಂಟು ಕೈಗಳನ್ನು ಅವಳು ಮಗಳಿಗೆ ಕಲಿಸಿದಳು. ಮಗಳು ವಾರದಲ್ಲೇ ಕಲಿತಳು. ಅಂಟಿನ ಬಕೆಟ್ಟಿನ ಮುಂದೆ, ಶೌಚಾಲಯದ ಗೋಡೆಯ ಮುಂದೆ, ನಿದ್ದೆ ಹತ್ತುವ ತನಕ ಅವೇ ಎಂಟು ಕೈ.

ಹತ್ತಕ್ಕೆ ಎರಡು ಕಡಿಮೆ. ಆ ಎರಡು ಅಕ್ಷರಕ್ಕಾಗಿ ಅವಳು ನಾಲ್ಕು ಸಲ ಕೌಂಟರಿಗೆ ಹೋದದ್ದು.

ಜವಾನನನ್ನೂ ಕೇಳಿದಳು. "ಅಣ್ಣಾ, ಒಂದ್ಸಲ ರ್‍ಯಾಕಲ್ಲಿ ನೋಡ್ತೀರಾ? ನೀಲಿ ಬಟ್ಟೆದು."

ಅವನು ಹೋಗಿ ಬಂದ. ಅವಳ ಮುಖ ನೋಡದೆ "ಇಲ್ಲ ತಾಯಿ" ಅಂದ. ಕೌಂಟರಿನ ಪಕ್ಕದ ಪಟ್ಟಿಯಲ್ಲಿ ಮಾತ್ರ ಪುಸ್ತಕ ಇತ್ತು. ಹೆಸರಿತ್ತು, ನಂಬರಿತ್ತು, ಪೂರ್ವದ ಗೋಡೆಯ ಮೂರನೇ ಸಾಲು ಅಂತ ಜಾಗವೂ ಇತ್ತು. ಪೂರ್ವದ ಗೋಡೆಯ ಹತ್ತಿರ ಈಗ ರ್‍ಯಾಕೇ ಇರಲಿಲ್ಲ. ಗ್ರಂಥಪಾಲಕ ಸಾಹೇಬರ ಹೊಸ ಕೋಣೆ ಇತ್ತು. ಒಳಗೆ ತಂಪು ಯಂತ್ರ, ಮೆತ್ತನೆಯ ಸೋಫಾ.

ಕೊನೆಗೆ ಆ ಕೋಣೆಗೇ ಹೋದಳು. ಹೊಸ್ತಿಲಲ್ಲಿ ನಿಂತಳು. ಒಳಗೆ ಬಂದರೆ ಕಾಲಿನ ಅಂಟು ನೆಲಕ್ಕೆ ಹತ್ತುತ್ತದೆ ಅಂತ ಹಿಂದೆ ಒಮ್ಮೆ ಬೈಸಿಕೊಂಡಿದ್ದಳು.

"ಏನು?"

"ಪುಸ್ತಕ ಸಾರ್. ಕೈಯಕ್ಷರದ್ದು. ಮಗಳಿಗೆ."

"ನಿನ್ನ ಮಗಳು ಅಂದ್ರೆ ಆ ಮೂಗಿ ತಾನೆ? ಮಾತೇ ಬರಲ್ಲ, ಓದ್ತಾಳಂತಾ?" ಸಾಹೇಬರು ನಕ್ಕರು. ನಗು ಅರ್ಧಕ್ಕೇ ನಿಂತಿತು. ಅವಳಿಂದ ಆಗಬೇಕಾದ ಕೆಲಸವೊಂದು ನೆನಪಾಗಿತ್ತು. "ಬಾ, ಒಳಗೆ ಬಾ. ಕೂತ್ಕೋ."

ಎಂಟು ವರ್ಷದಲ್ಲಿ ಮೊದಲ ಸಲ ಕೂತುಕೋ ಅಂದದ್ದು. ಅವಳು ಕೂರಲಿಲ್ಲ.

ತನಿಖೆ ಬರುವುದಿತ್ತು. ಪುಸ್ತಕಗಳನ್ನು ಒಂದೊಂದಾಗಿ ನಂಬರಿನ ಜೊತೆ ತಾಳೆ ನೋಡುವ ತನಿಖೆ. ಸಾಹೇಬರು ಒಂದು ಪಟ್ಟಿ ಮುಂದಕ್ಕೆ ತಳ್ಳಿದರು.

"ಮುನ್ನೂರ ಹನ್ನೆರಡು ಪುಸ್ತಕ ಸಿಕ್ತಿಲ್ಲ. ರದ್ದಿ ಕಾಗದ, ಹಳೇ ಅರ್ಜಿ, ಏನಾದ್ರೂ ಹಾಕು. ಅಳತೆಗೆ ಕತ್ತರಿಸಿ ರಟ್ಟು ಕೂರಿಸು. ಬೆನ್ನ ಮೇಲೆ ಇದ್ರಲ್ಲಿರೋ ಹೆಸ್ರು, ನಂಬರು ಒತ್ತು. ತನಿಖೆಯವ್ರು ಬೆನ್ನು ನೋಡ್ತಾರೆ, ಹೊಟ್ಟೆ ಬಗೆದು ನೋಡಲ್ಲ. ಇಪ್ಪತ್ತು ದಿನ."

"ನನ್ನ ಪುಸ್ತಕ ಸಾರ್?"

"ಕೇಂದ್ರ ಕಚೇರಿಗೆ ಬರೀತೀನಿ. ಅಲ್ಲಿ ಇನ್ನೊಂದು ಪ್ರತಿ ಇರುತ್ತೆ, ತರಿಸ್ತೀನಿ. ನೀನು ಮೊದ್ಲು ಇದು ಮುಗ್ಸು."

ಬೈಂಡಿಂಗ್‌ಗೆ ಏನೇ ಹೋಗಲಿ, ರಿಜಿಸ್ಟರಿನಲ್ಲಿ ಅಂಟಮ್ಮನ ರುಜು ಬೀಳಬೇಕು. ಅದು ಗಂಡನ ಕಾಲದಿಂದ ಬಂದ ಪದ್ಧತಿ. ಜವಾನ ರಿಜಿಸ್ಟರು ತಂದು ಬಿಚ್ಚಿ ಹಿಡಿದ. ಹತ್ತು ಪುಟ, ಪುಟದ ಕೆಳಗೆ ಒಂದೊಂದು ರುಜು. ಮೇಲೆ ಏನು ಬರೆದಿದೆ ಅಂತ ಓದುವ ಪದ್ಧತಿ ಇರಲಿಲ್ಲ. ಪುಸ್ತಕವೇ ಬಂ‌ದಿಲ್ಲ, ಬಂದಿದೆ ಅಂತ ರುಜು ಯಾಕೆ ಅನ್ನುವುದು ಅವಳಿಗೆ ಹೊಳೆಯಲಿಲ್ಲ. ಬಗ್ಗಿ ಹತ್ತು ಕಡೆ ಹಾಕಿದಳು.

ತಾಯಿ ಮಗಳು ಇಬ್ಬರೂ ಕೂತರು. ಜವಾನ ತಂದು ಸುರಿದದ್ದು ಗ್ರಂಥಾಲಯದ ಸದಸ್ಯತ್ವದ ಹಳೇ ಅರ್ಜಿಗಳು, ತುಂಬದೇ ಉಳಿದವು, ಮೂಟೆಗಟ್ಟಲೆ. ಮಗಳು ಎಣಿಸಿ ಜೋಡಿಸಿದಳು. ತಾಯಿ ಹೊಲಿದಳು, ಕತ್ತರಿಸಿದಳು, ಅಂಟಿಸಿದಳು. ದಿನಕ್ಕೆ ಹದಿನಾರು, ಹದಿನೇಳು. ಮೂರನೇ ದಿನಕ್ಕೆ ಹೆಬ್ಬೆರಳು ಬಾತುಕೊಂಡಿತು. ತಿರುಪು ತಿರುಗಿಸಲು ಆಗದೆ ಮಗಳನ್ನು ಹಿಡಿಕೆಗೆ ನೇತುಹಾಕಿದಳು. ಕೂಸಿನ ಭಾರಕ್ಕೆ ತಿರುಪು ಇಳಿಯುತ್ತಿತ್ತು. ಮಗಳು ಆಟ ಅಂದುಕೊಂಡು ನಗುತ್ತಿದ್ದಳು.

ನಾಲ್ಕನೇ ದಿನ ಪಟ್ಟಿಯ ಅರವತ್ತೊಂದನೇ ಸಾಲು ಬಂತು. ೪೪೧೭. ಕೈಯಕ್ಷರ ಮಾಲೆ.

ಕಾಯಿಸಿದ ಅಚ್ಚುಮೊಳೆ ಕೈಯಲ್ಲಿತ್ತು. ಕೆಳಗಿಡಲು ಮರೆತಳು. ಬೆರಳ ಚರ್ಮ ಅದಕ್ಕೇ ಅಂಟಿಕೊಂಡಿತು.

ಜವಾನ ಬಂದಾಗ ಪಟ್ಟಿ ತೋರಿಸಿದಳು. "ಅಣ್ಣಾ, ಇವೆಲ್ಲ ಎಲ್ಲಿಗೆ ಹೋದ್ವು? ನಿಮಗೆ ಗೊತ್ತು. ಸುಳ್ಳು ಹೇಳ್ಬೇಡಿ."

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಸಾಹೇಬ್ರ ಕೋಣೆ ಕಟ್ಟೋಕೆ ಆ ಗೋಡೆ ರ್‍ಯಾಕ್ ತೆಗೆದ್ರಲ್ಲ ತಾಯಿ, ಮೂರು ವರ್ಷದ ಹಿಂದೆ. ಇಡೋಕೆ ಜಾಗ ಇಲ್ಲ ಅಂತ ರದ್ದಿ ಲಾರಿಗೆ ಹಾಕಿಸಿದ್ರು. ಇಪ್ಪತ್ತೆರಡು ಚೀಲ." ಪಟ್ಟಿ ಹಿಂದಕ್ಕೆ ಕೊಡುತ್ತಾ ಅಂದ, "ಚೀಲ ಹೊತ್ತದ್ದು ನೀನೇ ಅಲ್ವಾ?"

ಅವಳೇ. ನೆನಪಿತ್ತು. ಹಮಾಲರು ಬಂದಿಲ್ಲ, ಬಾ ಅಂತ ಕರೆದಿದ್ದರು. ಇಪ್ಪತ್ತೆರಡು ಸಲ ಹಿತ್ತಲಿಂದ ಲಾರಿಯ ತನಕ. ರಟ್ಟಿನ ಮೂಲೆಗಳು ಬೆನ್ನಿಗೆ ಚುಚ್ಚುತ್ತಿದ್ದವು. ಕೊನೆಗೆ ಒಂದು ಲೋಟ ಚಹಾ ಕೊಟ್ಟಿದ್ದರು, ಸಂತೋಷವಾಗಿ ಕುಡಿದಿದ್ದಳು. ಯಾವ ಚೀಲದಲ್ಲಿ ನೀಲಿ ಕ್ಯಾಲಿಕೋ ಇತ್ತು ಅಂತ ಬೆನ್ನಿಗೇನು ಗೊತ್ತು. ತನ್ನ ಮಗಳ ಅಕ್ಷರವನ್ನು ತಾನೇ ಹೊತ್ತು ರದ್ದಿಗೆ ಹಾಕಿ ಬಂದಿದ್ದಳು.

ಸಾಹೇಬರ ಹೊಸ್ತಿಲಿಗೆ ಓಡಿದಳು. "ಸಾರ್, ಕೇಂದ್ರ ಕಚೇರಿಗೆ ಬರೆದ್ರಾ?"

"ಬರೀತೀನಿ ಅಂದೆನಲ್ಲ."

"ನನ್ನ ಪುಸ್ತಕ ಈ ಪಟ್ಟೀಲೇ ಇದೆ ಸಾರ್. ರದ್ದಿಗೆ ಹೋಗಿದೆ. ಬೈಂಡಿಂಗ್‌ಗೆ ಹೋಗಿದೆ ಅಂತ ನಾಲ್ಕು ಸಲ..."

"ಹೋಗಿದ್ರೆ ಏನೀಗ? ಬೈಂಡರ್ ತಾನೆ ನೀನು, ನೀನೇ ಒಂದು ಮಾಡ್ಕೋ!" ತಾವೇ ಹೇಳಿದ್ದು ತಮಗೇ ಹಿಡಿಸಿ ಸಾಹೇಬರು ಇನ್ನೊಮ್ಮೆ ನಕ್ಕರು. "ಮೂಗಿಗೆ ದೇವರು ಎರಡು ಕೈ ಕೊಟ್ಟಿದಾನೆ, ಅಂಟು ಹಚ್ಚೋಕೆ ಸಾಕು. ಮುಗಿಸ್ತೀಯೋ, ಶೆಡ್ಡು ಖಾಲಿ ಮಾಡ್ತೀಯೋ?"

ಅವಳು ಮುಗಿಸಿದಳು. ಸಿಟ್ಟು ಬರಲಿಲ್ಲವೇ ಅಂತ ಕೇಳುವವರು ಕೇಳಲಿ. ಬಂತು. ಆ ಶೆಡ್ಡಿನಲ್ಲೇ ಉಣ್ಣುವವಳ, ಅಲ್ಲೇ ಮಗಳನ್ನು ಮಲಗಿಸುವವಳ ಸಿಟ್ಟಿಗೆ ತಿರುಪು ಇನ್ನೊಂದು ಸುತ್ತು ಬಿಗಿಯಾಗುತ್ತದೆ, ಅಷ್ಟೆ. ಖಾಲಿ ಅರ್ಜಿಗಳ ಒಂದು ಕಟ್ಟಿಗೆ ನೀಲಿ ಕ್ಯಾಲಿಕೋ ಹಾಕಿ, ಬೆನ್ನ ಮೇಲೆ ಕೈಯಕ್ಷರ ಮಾಲೆ ಅಂತ ತಾನೇ ಒತ್ತಿದಳು.

ತನಿಖೆಗೆ ಎರಡು ದಿನ ಮುಂಚೆ ಶಾಲೆಯ ಪರೀಕ್ಷೆ. ಎಂಟು ಅಕ್ಷರ ನೋಡಿ ದಯೆ ತೋರಿಸಿಯಾರು ಅಂತ ಮಗಳ ಕೈಯ ನೀಲಿಯನ್ನು ಕಲ್ಲಿಗೆ ಉಜ್ಜಿ ತೊಳೆದು ಕರೆದೊಯ್ದಳು. ಮೇಜಿನ ಹಿಂದೆ ಮೇಡಂ, ಪಕ್ಕದಲ್ಲಿ ಇನ್ನಿಬ್ಬರು. ತೋರಿಸು ಅಂತ ಸನ್ನೆ ಮಾಡಿದರು.

ಮಗಳು ತೋರಿಸಿದಳು. ಒಂದು, ಎರಡು, ಮೂರು. ಒಂದೊಂದು ಮುಗಿದಾಗಲೂ ತಾಯಿಯ ಕಡೆ ತಿರುಗಿ ನೋಡುತ್ತಿದ್ದಳು. ಎಂಟೂ ತಡವರಿಸದೆ ತೋರಿಸಿ ಕೈ ಕಟ್ಟಿ ನಿಂತಳು.

ಮೂವರೂ ಮುಖ ಮುಖ ನೋಡಿಕೊಂಡರು. ಒಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಯಾರಮ್ಮಾ ಕಲ್ಸಿದ್ದು ಇವಳಿಗೆ?" ಅಂದರು ಮೇಡಂ. "ಕೈಯೆಲ್ಲ ತಲೆಕೆಳಗು. ಬೆರಳು ಮೇಲಿರ್ಬೇಕು. ಅದೂ ಎಂಟನೇ ಅಕ್ಷರದಿಂದ ಹಿಂದಕ್ಕೆ ಬರ್ತಿದಾಳೆ."

ಬೀರುವಿನಿಂದ ಪುಸ್ತಕ ತೆಗೆದು ಮೊದಲ ಪುಟ ತೆರೆದು ತೋರಿಸಿದರು. ಅಂಟಮ್ಮ ನೋಡಿದಳು. ಬೆರಳು ಮೇಲಿತ್ತು. ಮುಂದಿನ ಪುಟದಲ್ಲೂ ಮೇಲಿತ್ತು. ಎಂಟರಲ್ಲೂ ಮೇಲಿತ್ತು.

ಗೊತ್ತಾಯಿತು. ನಂಬರನ್ನು ಹುಳ ತಿಂದಿದ್ದ ಆ ಫಾರಂ ಅನ್ನು ಆರು ವರ್ಷದ ಹಿಂದೆ ಅವಳು ತಲೆಕೆಳಗಾಗಿ ಹೊಲಿದಿದ್ದಳು, ಎಂಟನೆಯ ಕೈ ಮೊದಲಿಗೆ ಬಂದಿತ್ತು. ಬರೀ ಕೈ, ಅಕ್ಷರವಿಲ್ಲ, ಅಂಕಿಯಿಲ್ಲ. ಕೈಗೆ ತಲೆ ಯಾವುದು, ಬುಡ ಯಾವುದು? ಅವಳ ಕೈ ಚಿಕ್ಕಂದಿನಿಂದ ಕೆಳಮುಖವಾಗಿಯೇ ದುಡಿದದ್ದು. ಕೆಳಮುಖದ ಕೈ ಅವಳಿಗೆ ಸರಿಯಾಗೇ ಕಂಡಿತ್ತು. ಹಾಗೆ ಹೊಲಿದ ಪುಸ್ತಕ ಮೂರು ವರ್ಷ ರ್‍ಯಾಕಿನಲ್ಲಿ ನಿಂತಿತ್ತು. ತಪ್ಪಾಗಿದೆ ಅಂತ ಹೇಳಲು ಒಬ್ಬ ಪ್ರಾಣಿಗೂ ಅದು ಸಿಕ್ಕಿರಲಿಲ್ಲ.

"ತಿದ್ತೀನಿ ಮೇಡಂ. ಒಂದು ವಾರ ಕೊಡಿ. ಬೇಡ, ಈ ಪುಸ್ತಕ ಇಲ್ಲೇ ಕೂತು ಒಂದು ಗಂಟೆ ನೋಡ್ತೀನಿ."

"ಮುಂದಿನ ವಾರ ಒಂಬತ್ತು ತುಂಬುತ್ತಲ್ಲಮ್ಮಾ. ಇನ್ನೂ ಇಪ್ಪತ್ತು ಮಕ್ಕಳು ಹೊರಗಿದಾರೆ." ಮೇಡಂ ಪುಸ್ತಕ ಒಳಗಿಟ್ಟು ಬೀಗ ಹಾಕಿದರು. "ನಾಲ್ಕು ತಿಂಗಳು ಏನ್ಮಾಡ್ತಿದ್ರಿ? ನಿಮ್ಮ ಲೈಬ್ರರೀಲಿ ಇತ್ತಲ್ಲ."

ಹಿಂದಿರುಗುವ ಬಸ್ಸಿನಲ್ಲಿ ಮಗಳು ಎರಡು ಗಂಟೆಯೂ ಸುಮ್ಮನಿರಲಿಲ್ಲ. ತಾಯಿಗೆ, ಕಿಟಕಿಯ ಗಾಜಿಗೆ, ಎದುರು ಸೀಟಿನ ಮುದುಕಿಗೆ ಆ ಎಂಟು ಕೈ ತೋರಿಸುತ್ತಲೇ ಇದ್ದಳು. ತಾನು ಗೆದ್ದೆ ಅಂದುಕೊಂಡಿದ್ದಳು. ಸೋತೆ ಅನ್ನುವುದಕ್ಕೆ ಅವರಿಬ್ಬರ ನಡುವೆ ಸನ್ನೆ ಇರಲಿಲ್ಲ.

ತನಿಖೆಯ ಅಧಿಕಾರಿ ಬೆಳಗ್ಗೆ ಹತ್ತಕ್ಕೆ ಬಂದ. ರ್‍ಯಾಕಿನ ಮುಂದೆ ನಡೆಯುತ್ತಾ ಬೆನ್ನು ನೋಡಿದ, ಪಟ್ಟಿಗೆ ಗೆರೆ ಎಳೆದ, ಬೆನ್ನು ನೋಡಿದ, ಗೆರೆ ಎಳೆದ. ಸಾಹೇಬರು ಹೇಳಿದಂತೆಯೇ ನಡೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಆಗ ಅಧಿಕಾರಿ "ರೈಲಲ್ಲಿ ಓದೋಕೆ ಒಂದು ಕಾದಂಬರಿ ತಗೋತೀನ್ರೀ" ಅಂದ. ಗುಮಾಸ್ತ ಓಡಿ ಬರುವ ಮುಂಚೆ ಕೈಗೆ ಸಿಕ್ಕ ದಪ್ಪದ್ದೊಂದನ್ನು ತಾನೇ ಎಳೆದು ತೆರೆದ.

ಸದಸ್ಯತ್ವದ ಖಾಲಿ ಅರ್ಜಿ. ಪುಟ ತಿರುಗಿಸಿದ. ಖಾಲಿ ಅರ್ಜಿ. ಪಕ್ಕದ್ದನ್ನು ಎಳೆದ. ಅದೂ ಅದೇ. ಆ ಗ್ರಂಥಾಲಯದಲ್ಲಿ ಪುಸ್ತಕ ಹುಡುಕಿ ನಿಜ ಕಂಡ ಮೊದಲ ಓದುಗ ಅವನೇ ಇರಬೇಕು.

ಸಾಹೇಬರು ರೆಪ್ಪೆ ಬಡಿಯಲಿಲ್ಲ. "ಬೈಂಡಿಂಗ್‌ಗೆ ಹೋಗಿತ್ತು ಸಾರ್ ಇವು. ಬೈಂಡರ್ ಕೈವಾಡ. ಒಳಗಿಂದು ಮಾರ್ಕೊಂಡು ಹೀಗೆ ಕಟ್ಟಿ ಕೊಟ್ಟಿದಾಳೆ. ರಿಜಿಸ್ಟರ್ ನೋಡಿ, ಅವಳ ರುಜು." ಹತ್ತು ಪುಟ, ಹತ್ತು ರುಜು. ಮುನ್ನೂರ ಹನ್ನೆರಡೂ ಬೈಂಡಿಂಗ್‌ಗೆ ಹೋಗಿದ್ದವು. ಕೌಂಟರಿನ ಸುಳ್ಳು ಈಗ ಸರ್ಕಾರಿ ಸಾಕ್ಷಿಯಾಗಿತ್ತು.

ಅಂಟಮ್ಮನನ್ನು ಕರೆಸಿದರು. ಮಗಳು ಅವಳ ಬಟ್ಟೆ ಹಿಡಿದುಕೊಂಡೇ ಬಂದಳು.

"ಎಲ್ಲಿ ಮಾರಿದೆ?" ಅಂದ ಅಧಿಕಾರಿ.

"ನಾನು ಮಾರಿಲ್ಲ ಸಾರ್. ರದ್ದಿ ಲಾರಿಗೆ ಚೀಲ ಹೊತ್ತೆ, ಅಷ್ಟೆ."

"ನೋಡಿದ್ರಾ ಸಾರ್, ಅವಳ ಬಾಯಲ್ಲೇ ಬಂತು" ಅಂದರು ಸಾಹೇಬರು.

ಅವಳು ಜವಾನನ ಕಡೆ ತಿರುಗಿದಳು. "ಅಣ್ಣಾ, ಹೇಳಿ."

ಜವಾನ ನೆಲ ನೋಡಿದ. ಅವನಿಗೆ ನಿವೃತ್ತಿಗೆ ಎಂಟು ತಿಂಗಳಿತ್ತು. "ನಂಗೇನೂ ಗೊತ್ತಿಲ್ಲ ಸಾರ್."

ಗುಮಾಸ್ತ ಹೇಳಿಕೆ ಬರೆದು ತಂದ. ಪುಸ್ತಕಗಳನ್ನು ನಾನೇ ಕದ್ದು ಮಾರಿದ್ದೇನೆ, ಕ್ಷಮಿಸಬೇಕು. "ರುಜು ಹಾಕು" ಅಂದರು ಸಾಹೇಬರು. "ಪೊಲೀಸು ಗಿಲೀಸು ಬೇಡ. ಸಂಜೆಯೊಳಗೆ ಶೆಡ್ಡು ಬಿಟ್ಟು ಹೊರಡು. ನಿನ್ನ ಮೂಗಿ ಮುಖ ನೋಡಿ ಇಷ್ಟು ದಯೆ."

ಪೆನ್ನು ಕೈಗೆ ಬಂತು. ಕೈ ತನ್ನಷ್ಟಕ್ಕೇ ಕಾಗದದ ಕೆಳಗೆ ಹೋಯಿತು. ಎಂಟು ವರ್ಷ ಅದು ಅಲ್ಲಿಗೇ ಹೋಗುತ್ತಿತ್ತು. ಈ ಸಲ ಅವಳು ಮೇಲೆ ಬರೆದದ್ದನ್ನು ಓದಿದಳು. ತುಟಿ ಅಲುಗಿಸುತ್ತಾ, ಅಕ್ಷರ ಕೂಡಿಸುತ್ತಾ, ಪೂರ್ತಿ ಓದಿದಳು. ಅಧಿಕಾರಿ ಗಡಿಯಾರ ನೋಡಿಕೊಂಡ.

"ಹಾಕಲ್ಲ" ಅಂದಳು.

"ಏನಂದೆ?"

"ಹಾಕಲ್ಲ ಅಂದೆ."

ಸಾಹೇಬರು ಕೆನ್ನೆಗೆ ಹೊಡೆದರು. ಪೆನ್ನು ಹಾರಿ ಸೋಫಾದ ಕೆಳಗೆ ಉರುಳಿತು. ಏಟಿನ ಸದ್ದು ಕೇಳದ ಮಗಳಿಗೂ ಏಟು ಕಂಡಿತು. ಅವಳ ಗಂಟಲಿನಿಂದ ಒಂದು ಒರಟು ಕೂಗು ಹೊರಟಿತು.

"ಊಟ ಮಾಡ್ಕೊಂಡು ಬರೋಣ ನಡೀರಿ" ಅಂದ ಅಧಿಕಾರಿ. "ಅಷ್ಟರಲ್ಲಿ ಬುದ್ಧಿ ಬರುತ್ತೆ." ಅವಳನ್ನು ಜಗಲಿಯಲ್ಲಿ ಕೂರಿಸಿ, ಜವಾನನನ್ನು ಕಾವಲಿಟ್ಟು ಇಬ್ಬರೂ ಕಾರು ಹತ್ತಿದರು.

ಅವಳು ಎದ್ದಳು. ಜವಾನ "ತಾಯಿ, ಕೂತ್ಕೋ" ಅಂದ. ಅವಳು ನೋಡಿದ ನೋಟಕ್ಕೆ ಅವನೇ ಕೂತ.

ಓದುವ ಹಾಲಿನಲ್ಲಿ ಹನ್ನೆರಡು ಜನ ಇದ್ದರು. ಗೋಡೆಯ ಮೇಲೆ ಮೌನವಾಗಿರಿ ಅನ್ನುವ ಬೋರ್ಡು. ಅವಳು ರ್‍ಯಾಕಿನ ಹತ್ತಿರ ಹೋಗಿ ತನ್ನ ಕೈಕೆಲಸವನ್ನು ಎಳೆದೆಳೆದು ತೆಗೆದಳು. ಹುಡುಕಬೇಕಾಗಿರಲಿಲ್ಲ, ಪ್ರತಿಯೊಂದು ಬೆನ್ನೂ ಅವಳಿಗೆ ಗೊತ್ತು. ಎದೆಗವಚಿಕೊಂಡು ಬಂದು ಒಬ್ಬೊಬ್ಬರ ಮುಂದೆ ಒಂದೊಂದನ್ನು ಧಪ್ಪೆಂದು ಇಟ್ಟಳು.

"ನೀವು ಕೇಳಿದ್ದು. ಬೈಂಡಿಂಗ್‌ಗೆ ಹೋಗಿತ್ತು. ಬಂದಿದೆ. ಓದಿ."

"ನಿಮಗೂ. ಎಷ್ಟು ಸಲ ತಿರುಗಿದ್ರಿ ಪಾಪ. ತಗೊಳ್ಳಿ, ಓದಿ."

ಒಬ್ಬ ಯುವಕ ಬೆನ್ನಿನ ಹೆಸರು ನೋಡಿ ಬೆಚ್ಚಿಬಿದ್ದ. ನೌಕರಿ ಪರೀಕ್ಷೆಗೆ ಅವನು ವರ್ಷದಿಂದ ಕೇಳುತ್ತಿದ್ದ ಪುಸ್ತಕವೇ ಅದು. ಆತುರದಿಂದ ತೆರೆದ. ಇನ್ನೊಂದು ಪುಟ ತೆರೆದ. ಕೊನೆಯ ತನಕ ಸರಸರ ತಿರುವಿ ಅವಳ ಮುಖ ನೋಡಿದ. ಪತ್ರಿಕೆ ಹಿಡಿದಿದ್ದ ಮುದುಕರೊಬ್ಬರು ಸಿಡುಕಿ "ಶ್!" ಅಂತ ಬೋರ್ಡು ತೋರಿಸಿದರು. ತಮ್ಮ ಮುಂದಿನದನ್ನು ತೆರೆದ ಮೇಲೆ ಅವರೂ ಪತ್ರಿಕೆ ಕೆಳಗಿಟ್ಟರು.

ಮಗಳಿಗೆ ಬೋರ್ಡೂ ಗೊತ್ತಿಲ್ಲ, ಮೌನವೂ ಗೊತ್ತಿಲ್ಲ. ತಾಯಿ ಪುಸ್ತಕ ಕುಕ್ಕಿದ್ದು ನೋಡಿ ಅವಳು ಮೇಜಿಗೆ ಮುಷ್ಟಿಯಿಂದ ಹೊಡೆದಳು. ಮೂರು ಪೆಟ್ಟು. ಹನ್ನೆರಡು ಜನರ ಮೊಣಕೈಗೂ ಅದುರು ಮುಟ್ಟಿತು.

ಕೊನೆಗೆ ಅಂಟಮ್ಮ ಕೌಂಟರಿಗೆ ಬಂದಳು. ಅಂಗೈ ಮೇಲೆ ಮಾಡಿ ಕೈಯನ್ನು ಹಲಗೆಯ ಮೇಲಿಟ್ಟಳು. ನೀಲಿ, ಸುಟ್ಟದ್ದು, ಬಾತದ್ದು, ಎಲ್ಲ ಕಾಣುವಂತೆ.

"ನಾಲ್ಕು ಸಾವಿರದ ನಾನೂರ ಹದಿನೇಳು" ಅಂದಳು.

ಗುಮಾಸ್ತ ಬಾಯಿ ತೆರೆದ. ದಿನಕ್ಕೆ ಐವತ್ತು ಸಲ ಆಡುವ ಮಾತು ನಾಲಿಗೆಗೆ ಬಂತು. "ಬೈಂ..." ಅಂದು ಹಾಗೇ ನಿಂತ. ಹನ್ನೆರಡು ಜನ ಖಾಲಿ ಪುಸ್ತಕ ಕೈಯಲ್ಲಿ ಹಿಡಿದು ಅವನನ್ನೇ ನೋಡುತ್ತಿದ್ದರು. ಹೊರಗೆ ಕಾರು ನಿಂತ ಸದ್ದಾಯಿತು. ಕಾರಿನ ಬಾಗಿಲು ಬಡಿಯಿತು.

"ಹೇಳಪ್ಪಾ" ಅಂದಳು ಅಂಟಮ್ಮ. ಕೆನ್ನೆಯ ಮೇಲೆ ಐದು ಬೆರಳೂ ಇನ್ನೂ ಕೆಂಪಗಿದ್ದವು. "ಎಲ್ಲಿಗೆ ಹೋಗಿದೆ?"

ಅವಳ ಹಿಂದೆ ಮಗಳು ಮತ್ತೆ ಮೇಜಿಗೆ ಮೂರು ಪೆಟ್ಟು ಹೊಡೆದಳು.